ನವೆಂಬರಿನ ಹಾಜರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಗಣಿತ ಕಲಿಸುವ ಮಾಸ್ತರ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯವರು ನಮ್ಮ ಭಾಗವನ್ನು ಪಟ್ಟಿಯ ತಳದಲ್ಲೇ ಹುಡುಕುತ್ತಾರೆ. 2024ರಲ್ಲಿ ಯಾದಗಿರಿ ಕೊನೆಗೆ, 2025ರಲ್ಲಿ ಕಲಬುರಗಿ. ಮಾಸ್ತರರನ್ನು ಬೈಯುತ್ತಾರೆ, ಬೈಯಲಿ, ನಮ್ಮದೂ ತಪ್ಪಿದೆ. ಆದರೆ ಆ ಫಲಿತಾಂಶವನ್ನು ನಾನು ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ, ನವೆಂಬರ್ ತಿಂಗಳ ಪುಟದಲ್ಲಿ, ಮೊದಲೇ ಓದಿರುತ್ತೇನೆ.

ನವೆಂಬರೆಂದರೆ ನಮ್ಮಲ್ಲಿ ಹತ್ತಿ ಬಿಡಿಸುವ ಕಾಲ. ಕೂಲಿ ಕೆ.ಜಿ. ಲೆಕ್ಕ, ಮನೆಯಲ್ಲಿ ಎಷ್ಟು ಕೈಯೋ ಅಷ್ಟು ದುಡ್ಡು. ಹೆಸರು ಕೂಗಿದರೆ ಹಿಂದಿನ ಬೆಂಚಿನಿಂದ ಮತ್ಯಾರೋ, "ಹತ್ತಿ ಬಿಡಸಲಾಕ ಹೋಗ್ಯಾಳ್ರಿ ಸರ್" ಅನ್ನುತ್ತಾರೆ. ಹಿಂದೆಯೇ ತೊಗರಿ ಕಟಾವು. ಅದೂ ಮುಗಿದರೆ ಲಂಬಾಣಿ ತಾಂಡಾದವರು ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೊರಡುತ್ತಾರೆ. ಜನವರಿಯಲ್ಲಿ ತರಗತಿಗೆ ಮರಳಿದ ಹುಡುಗಿ ಬೋರ್ಡು ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮರುದಿನ ಬರುವುದಿಲ್ಲ. ಮನೆಯಲ್ಲಿ ಕೂತವಳಿಗೆ ಗಂಡು ನೋಡತೊಡಗುತ್ತಾರೆ. 18 ತುಂಬಬೇಕೆಂಬುದು ಎಲ್ಲರಿಗೂ ಗೊತ್ತು, ಗೊತ್ತಿದ್ದೇ ನೋಡುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಎಂಟನೇ ತರಗತಿವರೆಗೆ ಮಗುವಿನ ಕೈ ಹಿಡಿದ ಕಾನೂನು, ಕೂಲಿಗೆ ಕರೆಯುವವರು ಬರುವ ಹೊತ್ತಿಗೆ ಸರಿಯಾಗಿ ಕೈ ಬಿಡುತ್ತದೆ.

ನೆರವೇ ಇಲ್ಲ ಎನ್ನಲಾರೆ. ಬಿಸಿಯೂಟ ಹತ್ತನೇವರೆಗೂ ಇದೆ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನವಿದೆ: ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದ, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗು ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ, ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಪ್ರತಿ ವರ್ಷ ಅರ್ಜಿ ನವೀಕರಿಸಬೇಕು, ತೊಡಕು ಅಲ್ಲೇ. ನನ್ನ ಒಬ್ಬ ಹುಡುಗನ ಹೆಸರಿನ ಕೊನೆಗೆ ಶಾಲೆಯ ದಾಖಲೆಯಲ್ಲಿ 'ಪ್ಪ' ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಮೂರು ಸಲ ಕಚೇರಿಗೆ ಅಲೆದ. ಒಮ್ಮೆ ಸರ್ವರ್ ಇಲ್ಲ. ಒಮ್ಮೆ ಅಪ್ಪನನ್ನು ಕರೆದುಕೊಂಡು ಬಾ ಅಂದರು. ಅಪ್ಪ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ. ಒಂದು 'ಪ್ಪ'ಕ್ಕೆ ಆ ವರ್ಷದ ಹಣ ಹೋಯಿತು. ಈಗ ಏಳನೇ ತರಗತಿ ಮಕ್ಕಳ ಕಾಗದಗಳನ್ನೇ ನಾನು ಮೊದಲು ನೋಡುವುದು. ನಿಮ್ಮ ಓಣಿಯಲ್ಲಿ ಡಿಗ್ರಿ ಓದುವ ಹುಡುಗರಿದ್ದರೆ ಅವರೂ ಇದನ್ನು ಮಾಡಬಹುದು, ಒಂದು ಸಂಜೆಯ ಕೆಲಸ.

ಹೊಲದ ಯಜಮಾನರಿಗೆ ಒಂದು ಮಾತು. ಆಳು ಸಿಗದ ಕಷ್ಟ ನನಗೂ ಗೊತ್ತು, ನಾಲ್ಕು ಎಕರೆ ಹತ್ತಿ ನನ್ನದೂ ಇದೆ. ಒಂದು ವರ್ಷ ಟಂಟಂ ಆಟೋದಿಂದ ಇಳಿದ ಆಳುಗಳಲ್ಲಿ ನನ್ನದೇ ತರಗತಿಯ ಹುಡುಗಿ ಇದ್ದಳು. ನನ್ನನ್ನು ಕಂಡವಳೇ ಉಡಿಯಲ್ಲಿದ್ದ ಹತ್ತಿ ಸಮೇತ ಬೇರೆ ಸಾಲಿಗೆ ಸರಿದಳು. ನಾನೂ ಏನೂ ಅನ್ನಲಿಲ್ಲ. ಸಂಜೆ ತೂಕ ಮಾಡಿ ಕೂಲಿ ಕೊಟ್ಟೆ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಅವರ ಮನೆಗೆ ಹೋದೆ.

ಶಾಲೆಗೆ ಬಂದಳು. ಹತ್ತನೇ ತರಗತಿ ಗಣಿತದಲ್ಲಿ ಬಿದ್ದಳು. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿದ್ದವಲ್ಲ, ಎರಡನೆಯದಕ್ಕೆ ಹೆಸರು ಹಚ್ಚಿಸಿ, ದಿನಾ ಸಂಜೆ ಲೆಕ್ಕ ಬಿಡಿಸಿದೆವು. ಪಾಸಾದಳು. ಈಗ ಪಿಯುಸಿ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕು ಕೇಳಿದಳು: "ಸರ್, ಈ ಸಲ ನಿಮ್ಮ ಹತ್ತಿ ಯಾರು ಬಿಡಸ್ಲತ್ತಾರ್ರಿ?"