ಹಾಳೆ ಎಳೆದು ದಕ್ಷಿಣ ಧ್ರುವಕ್ಕೆ

ಸರ್‍ರ್ ಅಂತ ಒಂದು ಸದ್ದು ಕೇಳ್ತಿದೆಯಲ್ಲ? ಅದು ಅಡಿಕೆ ಹಾಳೆ. ಇದು ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆಯ ಅಂಗಳ. ಹಾಳೆ ಮೇಲೆ ಕೂತಿರುವವನು ಅಕ್ಕನ ಮಗ, ಸೋಗೆ ಹಿಡಿದು ಎಳೆಯುತ್ತಿರುವವಳು ನಾನು. ಅರ್ಧ ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ನಮಗೆ ಸಿಕ್ಕಿದ್ದು ಇಷ್ಟೇ ಜಾಗ. ನಾಲ್ಕು ಸುತ್ತಿಗೇ ನನ್ನ ಉಸಿರು ಮೇಲೆ ಕೆಳಗೆ.

ಇದೆಲ್ಲ ಯಾಕೆ ಅಂದರೆ, ರೀನಾ ಕೌಶಲ್ ಧರ್ಮಶಕ್ತು ಬಗ್ಗೆ ಓದುತ್ತಿದ್ದೆ. 2009ರ ಡಿಸೆಂಬರ್‌ನಲ್ಲಿ ಸ್ಕೀ ಮಾಡಿಕೊಂಡು ದಕ್ಷಿಣ ಧ್ರುವ ಮುಟ್ಟಿದ ಮೊದಲ ಭಾರತೀಯ ಮಹಿಳೆ. ಕಾಮನ್‌ವೆಲ್ತ್ ದೇಶಗಳ ಹೆಂಗಸರದ್ದೇ ತಂಡ, ಸುಮಾರು 900 ಕಿಲೋಮೀಟರ್. ಊಟ, ಟೆಂಟು, ಸ್ಟೌ ಎಲ್ಲ ಜಾರುಬಂಡಿಗೆ ಹೇರಿ, ಸೊಂಟಕ್ಕೆ ಕಟ್ಟಿಕೊಂಡು ಎಳೆಯಬೇಕು. ದಾರಿ ಸಪಾಟು ಅಂದುಕೊಂಡಿದ್ದೆ. ಎಲ್ಲಿಯ ಸಪಾಟು! ಧ್ರುವ ಇರುವುದೇ 2,800 ಮೀಟರ್‌ಗಿಂತ ಎತ್ತರದಲ್ಲಿ. ಹೆಚ್ಚುಕಡಿಮೆ ಉದ್ದಕ್ಕೂ ಏರು. ಗಾಳಿ ಮೇಲಿಂದ ಇಳಿದು ನೇರ ಮುಖಕ್ಕೇ ಹೊಡೆಯುತ್ತದೆ. ಅದೇ ಗಾಳಿ ಹಿಮವನ್ನು ಕೊರೆದು ಗದ್ದೆಹುಣಿಯ ಹಾಗೆ ಗಟ್ಟಿ ದಿಣ್ಣೆ ಮಾಡಿಟ್ಟಿರುತ್ತದೆ.

ನನಗೆ ಆಶ್ಚರ್ಯವಾದದ್ದು ಬೆವರಿನ ವಿಷಯ. ಅಲ್ಲಿ ಬೆವರಲೇಬಾರದು! ಒಳಗಿನ ಬಟ್ಟೆ ಒದ್ದೆಯಾದರೆ, ನಿಂತ ಕೂಡಲೇ ಮೈಯ ಬಿಸಿ ಎಲ್ಲ ಎಳೆದುಕೊಂಡು ಬಿಡುತ್ತದೆ. ಹಾಗಾಗಿ ಸೆಕೆ ಆಗುವ ಮೊದಲೇ ಒಂದು ಪದರ ಬಿಚ್ಚಬೇಕು, ನಿಲ್ಲುವ ಹೊತ್ತಿಗೆ ಹಾಕಿಕೊಳ್ಳಬೇಕು. ನಾನಿಲ್ಲಿ ತೊಯ್ದು ತೊಪ್ಪೆ. ಕಾಸರಗೋಡಿನವರು ಹೋಗುವುದಾದರೆ ಮೊದಲು ಬೆವರದೆ ಇರುವುದನ್ನು ಕಲಿಯಬೇಕು, ಅಲ್ವಾ?

ಹಿಂದೆ ಹೆಂಗಸರನ್ನು ಅಲ್ಲಿಗೆ ಬಿಡುವುದಕ್ಕೇ ತುಂಬ ಸತಾಯಿಸಿದ್ದರು. 1969ರ ನವೆಂಬರ್‌ನಲ್ಲಿ ಆರು ಜನ ವಿಮಾನದಲ್ಲಿ ಧ್ರುವಕ್ಕೆ ಹೋದರು. ಮೊದಲು ಇಳಿದವಳು ಯಾರು ಅನ್ನುವ ಮಾತೇ ಬೇಡ ಅಂತ, ತೋಳಿಗೆ ತೋಳು ಸೇರಿಸಿ ಒಟ್ಟಿಗೇ ಹೆಜ್ಜೆ ಇಟ್ಟರು. ಈ ಸಂಗತಿ ನನಗೆ ಭಾರೀ ಇಷ್ಟ.

ಅಡಿಕೆ ಮಗುಚುತ್ತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡರು.

"ಅದೆಲ್ಲ ಇರಲಿ ಕೂಸೇ, ಕುಡಿಯಲಿಕ್ಕೆ ನೀರು ಎಂತ ಮಾಡುದು ಅವರು?"

ನಮ್ಮಲ್ಲಿ ನೀರು ಬರುವುದು ಗುಡ್ಡದ ಸುರಂಗದಿಂದ. ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಬರುತ್ತದೆ. ಅಜ್ಜಿಗೆ ನೀರಿನದೇ ಯೋಚನೆ. ಸುತ್ತ ಹಿಮವೇ ಇದ್ದರೂ ಒಂದು ಲೋಟ ನೀರು ಸುಮ್ನೆ ಸಿಗುವುದಿಲ್ಲ ಅಜ್ಜಿ, ಅಂದೆ. ಪಾತ್ರೆ ತುಂಬ ಹಿಮ ಹಾಕಿದರೆ ತಳದಲ್ಲಿ ಒಂದು ಚೂರು ನೀರು. ದಿನಾ ಸಂಜೆ ಟೆಂಟು ಹಾಕಿ, ಸ್ಟೌ ಹಚ್ಚಿ, ಕರಗಿಸುತ್ತಾ ಕೂರಬೇಕು.

ಅಜ್ಜಿಯ ಕೈ ನಿಂತಿತು.

"ಇಡೀ ದಿನ ಎಳೆದು ಬಂದು, ಮತ್ತೆ ಒಲೆ ಬುಡಕ್ಕೇಯಾ!"