ವಿಧಾನಸಭೆಯಲ್ಲಿ ನಮ್ಮೂರಿನ ಸಂಕ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೇಳುಗರಿಗೆಲ್ಲ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕು ಹೆತ್ತೂರು ಹೋಬಳಿಯವಳು. 31 ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಇವತ್ತು ನಮ್ಮ ವಿಧಾನಸಭೆಯ ಬಗ್ಗೆ ಮಾತಾಡುತ್ತೇನೆ. ಅಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರ ಕೆಲಸ ಏನು, ನಮ್ಮ ಮಾತು ಅಲ್ಲಿಯವರೆಗೆ ಹೋಗುವ ದಾರಿ ಯಾವುದು ಅಂತ. ಇದನ್ನೆಲ್ಲ ನನಗೆ ಕಲಿಸಿದ್ದು ಊರಿನ ಒಂದು ಸಂಕ.

ನಮ್ಮೂರಿಗೂ ಶಾಲೆಗೂ ಮಧ್ಯೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು. ಜೂನ್ ಕಳೆಯುವ ಹೊತ್ತಿಗೆ ಅದರ ಸದ್ದು ಮನೆಯೊಳಗೆ ಕೇಳುತ್ತದೆ. ಅದಕ್ಕೆ ಅಡ್ಡ ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಹಗ್ಗ, ಅಷ್ಟೇ ನಮ್ಮ ಸಂಕ. ನಾನು ಎಷ್ಟೋ ಮಳೆಗಾಲ ಆಚೆ ದಡದಲ್ಲಿ ನಿಂತು ನಾಲ್ಕು ವರ್ಷದ ಮಕ್ಕಳನ್ನು ಒಂದೊಂದಾಗಿ ಎತ್ತಿಕೊಂಡು ದಾಟಿಸಿದ್ದೇನೆ. ಒಂದು ವರ್ಷ ದಿಮ್ಮಿ ಕೊಚ್ಚಿಹೋಯಿತು, ಹತ್ತೊಂಬತ್ತು ದಿನ ಮಕ್ಕಳು ಬರಲಿಲ್ಲ. ಆಮೇಲೆ ಊರವರೆಲ್ಲ ಸಹಿ ಹಾಕಿ ಕಚೇರಿಗೆ ಅರ್ಜಿ ಕೊಟ್ಟೆವು. ಮರುವರ್ಷ ಮತ್ತೆ ಕೊಟ್ಟೆವು. ಮೂರನೇ ಸಲ ಹೋದಾಗ ಅಲ್ಲಿದ್ದವರು, ಇಂಥ ಹಳ್ಳ ನಮ್ಮ ದಾಖಲೆಯಲ್ಲೇ ಇಲ್ಲ ಅಂದರು. ಆ ದಿನ ನನಗೆ ಅಳು ಬಂದಿತ್ತು.

ಶಾಸಕರ ಹತ್ತಿರ ಹೋದಾಗ ಅವರ ಜೊತೆ ಇದ್ದ ಒಬ್ಬ ಹುಡುಗ ಒಂದು ಮಾತು ಹೇಳಿದ. "ಟೀಚರಮ್ಮ, ಅರ್ಜಿ ಬೇಡ. ಇದನ್ನು ಪ್ರಶ್ನೆ ಮಾಡಿ ಬರೆದುಕೊಡಿ, ಅಣ್ಣ ಸದನದಲ್ಲಿ ಕೇಳ್ತಾರೆ." ಅರ್ಜಿಗೂ ಪ್ರಶ್ನೆಗೂ ಏನು ವ್ಯತ್ಯಾಸ ಅಂತ ನನಗೆ ಅವತ್ತು ಗೊತ್ತಿರಲಿಲ್ಲ. ಈಗ ಗೊತ್ತು. ಅರ್ಜಿಗೆ ಉತ್ತರ ಬರಬಹುದು, ಬರದೇ ಇರಬಹುದು. ಸದನದಲ್ಲಿ ಅಂಗೀಕಾರವಾದ ಪ್ರಶ್ನೆಗೆ ಸಚಿವರು ಉತ್ತರ ಕೊಡಲೇಬೇಕು.

ಆ ಉತ್ತರ ಬರುವ ದಿನ ಶಾಸಕರ ಕಚೇರಿಯಿಂದ ಪಾಸ್ ಕೊಡಿಸಿದರು. ಜುಲೈ ತಿಂಗಳು, ಮಳೆಗಾಲದ ಅಧಿವೇಶನ. ಹಿಂದಿನ ರಾತ್ರಿಯೇ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದು ವಿಧಾನಸೌಧಕ್ಕೆ ಹೋದೆವು. ಫೋನು ಕೆಳಗೇ ಕೊಡಬೇಕು. ಮೇಲಿನ ಗ್ಯಾಲರಿಯಲ್ಲಿ ಸುಮ್ನೆ ಕೂರಬೇಕು, ಚಪ್ಪಾಳೆ ಹೊಡೆಯುವ ಹಾಗಿಲ್ಲ, ಪಕ್ಕದವರ ಜೊತೆ ಮಾತಾಡುವ ಹಾಗಿಲ್ಲ.

ಅಲ್ಲಿಂದ ಕೆಳಗೆ ನೋಡಿದರೆ ಇಡೀ ಸದನ ಕಾಣುತ್ತದೆ. ಎತ್ತರದ ಪೀಠದಲ್ಲಿ ಸಭಾಧ್ಯಕ್ಷರು, ಅಂದರೆ ಸ್ಪೀಕರ್. ಮೇಲ್ಮನೆಯಾದ ವಿಧಾನಪರಿಷತ್ತಿನಲ್ಲಿ ಪೀಠದಲ್ಲಿ ಕೂರುವವರು ಸಭಾಪತಿ, ಇವೆರಡು ಹೆಸರು ಅದಲುಬದಲು ಆಗುವುದು ಜಾಸ್ತಿ. ಪೀಠದ ಕೆಳಗೆ ಕಾರ್ಯದರ್ಶಿಗಳು ಮತ್ತು ಆಡಿದ ಪ್ರತಿ ಮಾತನ್ನು ಬರೆದುಕೊಳ್ಳುವ ವರದಿಗಾರರು. ಸಭಾಧ್ಯಕ್ಷರ ಬಲಕ್ಕೆ ಆಡಳಿತ ಪಕ್ಷ, ಮುಂದಿನ ಸಾಲಿನಲ್ಲಿ ಮುಖ್ಯಮಂತ್ರಿ ಮತ್ತು ಸಚಿವರು. ಎಡಕ್ಕೆ ವಿರೋಧ ಪಕ್ಷ. ನಡುವೆ ಖಾಲಿ ಜಾಗ. ಪೇಪರಿನಲ್ಲಿ "ಸದನದ ಬಾವಿಗಿಳಿದು ಧರಣಿ" ಅಂತ ಓದುತ್ತೇವಲ್ಲ, ಆ ಬಾವಿ ಇದೇ.

ಒಟ್ಟು 224 ಕ್ಷೇತ್ರಗಳಿಂದ 224 ಜನ. ಮೊದಲು ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುತ್ತಿದ್ದರು, 2020ರಿಂದ ಅದು ನಿಂತಿದೆ. ನಮ್ಮ ಹಾಸನ ಜಿಲ್ಲೆಗೆ 7 ಕ್ಷೇತ್ರ: ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ. ಚಿಕ್ಕಮಗಳೂರಿಗೆ 5: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಸಕಲೇಶಪುರ, ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು. ವಯಸ್ಸಾದವರಿಗೆ ಗಂಡಸಿ, ಬೀರೂರು ಕ್ಷೇತ್ರಗಳು ನೆನಪಿರಬಹುದು. 2008ರ ಪುನರ್ವಿಂಗಡಣೆಯಲ್ಲಿ ಅವೆರಡೂ ಹೋದವು. ಜನಸಂಖ್ಯೆಯ ಲೆಕ್ಕದಲ್ಲಿ ಕ್ಷೇತ್ರ ಹಂಚುವುದರಿಂದ ಮಲೆನಾಡಿನಂಥ ಕಡೆ ಒಬ್ಬ ಶಾಸಕರ ಪಾಲಿಗೆ ಗುಡ್ಡ, ಘಾಟಿ, ಎಸ್ಟೇಟು, ಒಂಟಿ ಮನೆಗಳೆಲ್ಲ ಸೇರಿ ದೊಡ್ಡ ಜಾಗ ಬೀಳುತ್ತದೆ. ನಮ್ಮ ಹಳ್ಳ ಯಾರ ಕಣ್ಣಿಗೂ ಬೀಳದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಸಭಾಧ್ಯಕ್ಷರನ್ನು ಆರಿಸುವುದು ಶಾಸಕರೇ. ಆದರೆ ಚುನಾವಣೆ ಮುಗಿದು ಹೊಸಬರು ಬಂದಾಗ ಪ್ರಮಾಣವಚನ ಯಾರು ಬೋಧಿಸಬೇಕು? ಅದಕ್ಕೆ ರಾಜ್ಯಪಾಲರು ಒಬ್ಬ ಹಿರಿಯ ಸದಸ್ಯರನ್ನು ಹಂಗಾಮಿ ಸಭಾಧ್ಯಕ್ಷರಾಗಿ ನೇಮಿಸುತ್ತಾರೆ. 2023ರ ಮೇ ತಿಂಗಳಲ್ಲಿ ಆರ್.ವಿ. ದೇಶಪಾಂಡೆಯವರು ಆ ಕೆಲಸ ಮಾಡಿದರು. ಪೀಠಕ್ಕೆ ಬಂದ ಮೇಲೆ ಸಭಾಧ್ಯಕ್ಷರು ಎರಡೂ ಕಡೆಯವರಿಗೆ ಒಂದೇ ಆಗಿರಬೇಕು. ಮತ ಸಮಸಮ ಆದಾಗ ಮಾತ್ರ ಅವರು ಮತ ಹಾಕುತ್ತಾರೆ. ಅವರಿಲ್ಲದಾಗ ಉಪಸಭಾಧ್ಯಕ್ಷರು ಕೂರುತ್ತಾರೆ. 1972ರಲ್ಲಿ ಕೆ.ಎಸ್. ನಾಗರತ್ನಮ್ಮನವರು ಆ ಪೀಠಕ್ಕೆ ಬಂದ ಮೊದಲ ಮಹಿಳೆ. ನಮ್ಮ ಪಕ್ಕದ ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರೂ 1983ರಿಂದ 1985ರವರೆಗೆ ಸಭಾಧ್ಯಕ್ಷರಾಗಿದ್ದರು.

ಸರ್ಕಾರ ನಿಲ್ಲಬೇಕಾದರೆ ಪೂರ್ತಿ ಸದನದಲ್ಲಿ 113 ಜನರ ಬೆಂಬಲ ಬೇಕು. ಸಚಿವರ ಸಂಖ್ಯೆಗೂ ಮಿತಿ ಇದೆ, ಒಟ್ಟು ಸದಸ್ಯರಲ್ಲಿ ಶೇಕಡಾ 15ರಷ್ಟು. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಜನ. ಪ್ರತಿ ಪಕ್ಷಕ್ಕೂ ಸಚೇತಕರು ಇರುತ್ತಾರೆ. ಅವರು ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಶಾಸಕ ಸ್ಥಾನವೇ ಹೋಗಬಹುದು. 2019ರ ಜುಲೈ 23ರಂದು ಹೊಳೆನರಸೀಪುರದ ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ವಿಶ್ವಾಸಮತ ಕೇಳಿದಾಗ ನೀವು ಟಿವಿಯಲ್ಲಿ ನೋಡಿರುತ್ತೀರಿ. ಸದಸ್ಯರನ್ನು ಎದ್ದು ನಿಲ್ಲಿಸಿ, ಸಾಲು ಸಾಲಾಗಿ ತಲೆ ಎಣಿಸಿದರು. ಪರವಾಗಿ 99, ವಿರುದ್ಧ 105. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ. ಆ ಮೊಕದ್ದಮೆಯೂ ನಮ್ಮ ರಾಜ್ಯದ್ದೇ, ಎಸ್.ಆರ್. ಬೊಮ್ಮಾಯಿಯವರದು.

ವಿರೋಧ ಪಕ್ಷದ ಸಾಲು ಸೋತವರ ಸಾಲು ಅಂತ ನಮ್ಮ ಕಡೆ ಜನ ಅಂದುಕೊಂಡಿದ್ದಾರೆ. ಇದು ನನಗೆ ಬೇಜಾರಿನ ವಿಷಯ. ಎಚ್.ಡಿ. ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ಸದನಕ್ಕೆ ಹೋದವರು. 70ರ ದಶಕದಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಮುಖ್ಯಮಂತ್ರಿ ಆಗಿದ್ದು 1994ರಲ್ಲಿ. ಮೂಡಿಗೆರೆಯಿಂದ ಗೆದ್ದಿದ್ದ ಮೋಟಮ್ಮನವರು ಮುಂದೆ ವಿಧಾನಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯಾಗಿದ್ದರು. ಆ ಸಾಲಿನಲ್ಲಿ ಕೂತವರ ಕೈಯಲ್ಲಿ ಇರುವುದೇ ಪ್ರಶ್ನೆ, ಮತ್ತು ಪ್ರಶ್ನೆ ಸಣ್ಣದಲ್ಲ.

ಈಗ ಆ ಪ್ರಶ್ನೆಗೇ ಬರುತ್ತೇನೆ. ಸಾಮಾನ್ಯವಾಗಿ ಬೆಳಗಿನ ಕಲಾಪದಲ್ಲಿ ಪ್ರಶ್ನೋತ್ತರಕ್ಕೆ ಮುಖ್ಯ ಜಾಗ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಉತ್ತರ ಸಾಲದಿದ್ದರೆ ಶಾಸಕರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ಬರುತ್ತದೆ. ನಮ್ಮದು ಚುಕ್ಕೆ ಗುರುತಿನದು. ಆದರೆ ಅವತ್ತು ಬೇರೆ ವಿಷಯಕ್ಕೆ ಗಲಾಟೆಯಾಗಿ, ಧರಣಿಯಾಗಿ, ನಮ್ಮ ಸರದಿ ಬರುವ ಮೊದಲೇ ವೇಳೆ ಮುಗಿಯಿತು. ನಮ್ಮ ಶಾಸಕರು ಏಳಲೇ ಇಲ್ಲ. ಅಷ್ಟು ದೂರದಿಂದ ಬಂದು, ಗ್ಯಾಲರಿಯಲ್ಲಿ ಬಾಯಿ ಮುಚ್ಚಿ ಕೂತು, ನನ್ನ ಕೈಕಾಲು ತಣ್ಣಗಾಯಿತು.

ಮಧ್ಯಾಹ್ನ ಊಟದ ನಂತರ ನೋಡಿದರೆ ಕುರ್ಚಿಗಳು ಖಾಲಿ ಖಾಲಿ. ಗಂಟೆ ಬಾರಿಸತೊಡಗಿತು. ಅದು ಕೋರಂ ಗಂಟೆ. ಸಭೆ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗವಾದರೂ ಇರಬೇಕು, ಅಂದರೆ 23 ಜನ. 224ರಲ್ಲಿ 23 ಜನ ಸೇರುವವರೆಗೆ ಗಂಟೆ ಬಾರಿಸುವ ಸ್ಥಿತಿ ಬರಬಾರದು. ನನ್ನ ಅಂಗನವಾಡಿಯಲ್ಲಿ 18 ಮಕ್ಕಳಿದ್ದರು, ಹಳ್ಳ ದಾಟಿ ಬರುತ್ತಿದ್ದರು. ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಆ ಸ್ಥಾನ ಖಾಲಿ ಅಂತ ಸದನ ಘೋಷಿಸಬಹುದು, ಸಂವಿಧಾನದಲ್ಲೇ ಹಾಗಿದೆ. ನಿಮ್ಮ ಶಾಸಕರು ಮದುವೆಗೆ ಬರಲಿಲ್ಲ ಅಂತ ಕೋಪ ಮಾಡಿಕೊಳ್ಳುವ ಮೊದಲು, ಅವತ್ತು ಅಧಿವೇಶನ ಇತ್ತಾ ಅಂತ ದಯವಿಟ್ಟು ನೋಡಿ. ಇದ್ದರೆ ಅವರು ಅಲ್ಲೇ ಇರಬೇಕು.

ಸಂಜೆ ಶಾಸಕರ ಜೊತೆಯ ಆ ಹುಡುಗ ಒಂದು ಹಾಳೆ ತಂದುಕೊಟ್ಟ. ಸರದಿ ಬರದಿದ್ದರೂ ಉತ್ತರವನ್ನು ಸದನದಲ್ಲಿ ಮಂಡಿಸುತ್ತಾರಂತೆ. ಹಾಳೆಯಲ್ಲಿ ಎರಡು ಭಾಗ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಎಡಗಡೆ ಹೀಗಿತ್ತು: ಇಂಥ ಗ್ರಾಮದಲ್ಲಿ ಹಳ್ಳಕ್ಕೆ ಸೇತುವೆ ಇಲ್ಲದೆ ಶಾಲಾ ಮಕ್ಕಳಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ ಒಂದೇ ಪದ.

"ಬಂದಿದೆ."

ದಾಖಲೆಯಲ್ಲೇ ಇಲ್ಲ ಅಂದಿದ್ದ ಹಳ್ಳ ಅವತ್ತು ವಿಧಾನಸಭೆಯ ದಾಖಲೆಗೆ ಬಂತು, ಅದೂ ಶುದ್ಧ ಕನ್ನಡದಲ್ಲಿ, ನಾನು ಓದಿ ಅರ್ಥಮಾಡಿಕೊಳ್ಳುವ ಹಾಗೆ. ಕೆಳಗಿನ ಸಾಲಿನಲ್ಲಿ ಅನುದಾನದ ಲಭ್ಯತೆ ನೋಡಿಕೊಂಡು ಕ್ರಮ ಕೈಗೊಳ್ಳಲಾಗುವುದು ಅಂತ ಇತ್ತು. ಆ ಸಾಲನ್ನು ನೋಡಿ ನಮ್ಮ ಜೊತೆ ಬಂದವರು ಇದು ಆಗದ ಮಾತು ಅಂದರು. ನಾನು ಹಾಳೆಯನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡೆ.

ಸಚಿವರು ಸದನದಲ್ಲಿ ಮಾಡುತ್ತೇವೆ ಅಂತ ಕೊಟ್ಟ ಮಾತನ್ನು ಹಿಡಿದುಕೊಂಡು ಬೆನ್ನು ಹತ್ತಲು ಒಂದು ಸಮಿತಿಯೇ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಅಧಿಕಾರಿಗಳನ್ನು ಕರೆಸಿ, ಕೊಟ್ಟ ಮಾತು ಏನಾಯಿತು ಅಂತ ಅದು ಕೇಳುತ್ತದೆ. ಸದನ ವರ್ಷದಲ್ಲಿ ಸೇರುವುದು ಕೆಲವೇ ವಾರ, ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಅಂತಷ್ಟೇ ನಿಯಮ. ಸಮಿತಿಗಳು ಉಳಿದ ದಿನವೂ ಕೆಲಸ ಮಾಡುತ್ತವೆ, ಟಿವಿಯಲ್ಲಿ ಕಾಣುವುದಿಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಸರ್ಕಾರ ಮಾಡಿದ ಖರ್ಚನ್ನು ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವವರ, ವರದಿ ಇಟ್ಟುಕೊಂಡು ನೋಡುತ್ತದೆ, ಅದಕ್ಕೆ ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವುದು ಒಳ್ಳೆಯ ಸಂಪ್ರದಾಯ. ಅರ್ಜಿಗಳ ಸಮಿತಿ ಇನ್ನೊಂದು. ಜನರೇ ಬರೆದ ಅರ್ಜಿ ಅಲ್ಲಿಗೆ ಹೋಗಬಹುದು. ಇದು ನನಗೆ ಮೊದಲೇ ಗೊತ್ತಿದ್ದರೆ ಕಚೇರಿಯ ಮೆಟ್ಟಿಲು ಹತ್ತಿದ ವರ್ಷಗಳು ಉಳಿಯುತ್ತಿದ್ದವು.

ಊರಿಗೆ ಬಂದು ನಾವು ಭರವಸೆಯ ದಾರಿ ಹಿಡಿದೆವು. ಹಾಳೆಯ ನಕಲು ತೆಗೆಸಿ ಶಾಸಕರಿಗೆ, ಸಮಿತಿಗೆ ಕಳಿಸಿದೆವು. ಆನೆ ಹಾವಳಿಯಂಥ ದೊಡ್ಡ ವಿಷಯಕ್ಕೆ ಬೇರೆ ದಾರಿಗಳೂ ಇವೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ತೋಟಕ್ಕೆ ಹೋದವರು ಆನೆ ತುಳಿತಕ್ಕೆ ಸಿಕ್ಕಿದ ಸುದ್ದಿ ಬಂದಾಗ ಸದನದಲ್ಲಿ ಗಮನ ಸೆಳೆಯುವ ಸೂಚನೆ ಕೊಡಬಹುದು. ಇನ್ನೂ ತುರ್ತಾಗಿದ್ದರೆ ನಿಯಮ 60ರಲ್ಲಿ ನಿಲುವಳಿ ಸೂಚನೆ, ಬೇರೆ ಎಲ್ಲ ಕೆಲಸ ಬದಿಗಿಟ್ಟು ಇದನ್ನೇ ಚರ್ಚಿಸಿ ಅಂತ. ಸಭಾಧ್ಯಕ್ಷರು ಎಷ್ಟೋ ಸಲ ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಬಿಡುತ್ತಾರೆ. ಕಾಫಿ ಬೋರ್ಡಿನ ವಿಷಯ ಮಾತ್ರ ಕೇಂದ್ರದ್ದು, ಅದನ್ನು ಕೇಳಬೇಕಾದದ್ದು ಸಂಸದರನ್ನು.

ಕೊನೆಗೆ ಎಲ್ಲವೂ ದುಡ್ಡಿಗೆ ಬಂದು ನಿಲ್ಲುತ್ತದೆ, ಅಲ್ವಾ? ದುಡ್ಡಿನ ಬೀಗದ ಕೈ ಇರುವುದು ವಿಧಾನಸಭೆಯಲ್ಲಿ. ಬಜೆಟ್ ಮಂಡನೆ ಆದ ಮೇಲೆ ಇಲಾಖೆವಾರು ಬೇಡಿಕೆಗಳನ್ನು ಮತಕ್ಕೆ ಹಾಕುವುದು ಇಲ್ಲಿಯೇ. 75 ಸದಸ್ಯರ ಪರಿಷತ್ತು ಚರ್ಚೆ ಮಾಡಬಹುದು, ಹಣಕಾಸು ಮಸೂದೆಯನ್ನು 14 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಎರಡು ಮಾರ್ಚ್ ಕಳೆದ ಮೇಲೆ ನಮ್ಮ ಸಂಕಕ್ಕೆ ಹಣ ಮಂಜೂರಾಯಿತು. ಆಚೆ ದಡದ ಕಂಬ ಎದ್ದಿದೆ. ಈಚೆ ದಡದಲ್ಲಿ ಜಲ್ಲಿ ರಾಶಿ ಬಿದ್ದು ಒಂದು ಮಳೆಗಾಲ ಕಳೆಯಿತು, ಅದರ ಮೇಲೆ ಈಗ ಹುಲ್ಲು ಬೆಳೆದಿದೆ. ದಿಮ್ಮಿಯ ಮೇಲೆ ಮಕ್ಕಳನ್ನು ಈಗ ದಾಟಿಸುವುದು ನನ್ನ ಜಾಗಕ್ಕೆ ಬಂದ ಹುಡುಗಿ.

ಮುಂದಿನ ಅಧಿವೇಶನಕ್ಕೆ ಹೊಸ ಪ್ರಶ್ನೆ ಬರೆದು ಶಾಸಕರ ಕೈಗೆ ಕೊಟ್ಟು ಬಂದಿದ್ದೇನೆ. ಈ ಸಲ ಬರೆಯುವ ರೀತಿ ನನಗೇ ಗೊತ್ತಿತ್ತು. ಅ, ಸದರಿ ಸೇತುವೆಯ ಕಾಮಗಾರಿ ಯಾವ ಹಂತದಲ್ಲಿದೆ? ಆ, ಕಾಮಗಾರಿ ನಿಂತಿರಲು ಕಾರಣವೇನು? ಇ, ಯಾವ ದಿನಾಂಕದೊಳಗೆ ಪೂರ್ಣಗೊಳಿಸಲಾಗುವುದು? ವಿವರ ನೀಡುವುದು.

ನಮಸ್ಕಾರ.