ಆರು ವಸಾಹತು, ಮೂರು ಗೇಜು, ಒಂದು ದೇಶ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರಾದರೂ ಬೆಂಗಳೂರಿನಿಂದ ಮುಂಬಯಿಗೆ ಮಿರಜ್ ಮೇಲೆ ಹೋದವರಿರಬೇಕು. ಗೇಜು ಅಂದರೆ ಎರಡು ಹಳಿಗಳ ನಡುವಿನ ಅಗಲ; ನಮ್ಮ ಮೀಟರ್ ಗೇಜ್ ಗಾಡಿ ಅಲ್ಲಿಗೆ ಮುಗಿಯುತ್ತಿತ್ತು. ಟ್ರಂಕು, ಹಾಸಿಗೆ ಸುರುಳಿ, ನೀರಿನ ಹೂಜಿ, ನಿದ್ದೆಗಣ್ಣಿನ ಮಕ್ಕಳು, ಎಲ್ಲವನ್ನೂ ಇಳಿಸಿ ಬ್ರಾಡ್ ಗೇಜ್ ಗಾಡಿಗೆ ಹತ್ತಿಸಬೇಕು. ಕೂಲಿಯವನ ಜತೆ ಚೌಕಾಸಿ ಮುಗಿಯುವಷ್ಟರಲ್ಲಿ ಕಿಟಕಿ ಪಕ್ಕದ ಸೀಟು ಹೋಗಿರುತ್ತಿತ್ತು.

ಅದೇ ನೆನಪಿನಲ್ಲಿ ಆಲ್ಬರಿ ಎಂಬ ಊರಿಗೆ ಬನ್ನಿ. ಆಸ್ಟ್ರೇಲಿಯಾದ ಮರ್ರೆ ನದಿಯ ದಂಡೆಯಲ್ಲಿದೆ. 1883ರಲ್ಲಿ ಸಿಡ್ನಿಯ ಹಳಿಯೂ ಮೆಲ್ಬರ್ನಿನ ಹಳಿಯೂ ಅಲ್ಲಿ ಕೂಡಿದವು. ಕೂಡಿದವು ಅಂದೆ, ಆದರೆ ಸೇರಲಿಲ್ಲ. ಸಿಡ್ನಿಯವರ ಹಳಿಯ ಅಗಲ 1435 ಮಿಲಿಮೀಟರ್, ಮೆಲ್ಬರ್ನಿನವರದು 1600. ರಾತ್ರಿ ಗಾಡಿಯ ಪ್ರಯಾಣಿಕರು ಚಳಿಯಲ್ಲಿ ಇಳಿದು, ಪ್ಲಾಟ್‌ಫಾರ್ಮು ದಾಟಿ, ಇನ್ನೊಂದು ಗಾಡಿ ಹತ್ತಬೇಕು. ಅದು ಸಾಲದೆಂಬಂತೆ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಯಾಕೆಂದರೆ ನದಿಯ ಈಚೆ ನ್ಯೂ ಸೌತ್ ವೇಲ್ಸ್, ಆಚೆ ವಿಕ್ಟೋರಿಯಾ. ಎರಡೂ ಇಂಗ್ಲೆಂಡಿನ ರಾಣಿಯ ವಸಾಹತುಗಳೇ, ಆಡುವ ಭಾಷೆಯೂ ಒಂದೇ. ಸುಂಕದ ಮಟ್ಟಿಗೆ ಮಾತ್ರ ಪರದೇಶ.

ಇಂಥ ವಸಾಹತುಗಳು ಆರಿದ್ದವು. ಅವು ಕೂಡಿ ಆಸ್ಟ್ರೇಲಿಯಾ ಎಂಬ ಒಂದು ದೇಶವಾದದ್ದೇ ಇವತ್ತಿನ ಕಥೆ. ಮೊದಲು 1788ರಲ್ಲಿ ನ್ಯೂ ಸೌತ್ ವೇಲ್ಸ್. ಆಮೇಲೆ ಟಾಸ್ಮೇನಿಯಾ, ಪಶ್ಚಿಮ ಆಸ್ಟ್ರೇಲಿಯಾ, ದಕ್ಷಿಣ ಆಸ್ಟ್ರೇಲಿಯಾ, ವಿಕ್ಟೋರಿಯಾ, ಕೊನೆಗೆ 1859ರಲ್ಲಿ ಕ್ವೀನ್ಸ್‌ಲ್ಯಾಂಡ್. ಪ್ರತಿಯೊಂದಕ್ಕೂ ಅದರದೇ ಗವರ್ನರ್, ಅದರದೇ ಅಂಚೆಚೀಟಿ, ಅದರದೇ ಸುಂಕ. ಈ ಹಳಿಯ ಗೋಜಲು ಹುಟ್ಟಿದ ರೀತಿಯೂ ತಮಾಷೆಯದು. ಸಿಡ್ನಿಯ ರೈಲು ಕಂಪನಿಯ ಐರಿಷ್ ಎಂಜಿನಿಯರ್ ತನ್ನ ನಾಡಿನ ಅಗಲದ ಹಳಿಯೇ ಇರಲಿ ಅಂದ. ವಿಕ್ಟೋರಿಯಾದವರೂ ಒಪ್ಪಿ ಎಂಜಿನ್, ಡಬ್ಬಿಗಳಿಗೆ ಆರ್ಡರ್ ಕೊಟ್ಟರು. ಅಷ್ಟರಲ್ಲಿ ಆತ ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದವನು ಇಂಗ್ಲೆಂಡಿನ ಅಳತೆಯೇ ಸರಿ ಎಂದು ಸಿಡ್ನಿಯ ಮನಸ್ಸು ತಿರುಗಿಸಿದ. ಕ್ವೀನ್ಸ್‌ಲ್ಯಾಂಡಿನವರು ಖರ್ಚು ಉಳಿಸಲು 1067 ಮಿಲಿಮೀಟರಿನ ಕಿರಿದಾದ ಹಳಿ ಹಾಕಿಕೊಂಡರು.

ಒಂದಾಗಬೇಕೆಂಬ ಮಾತಿಗೆ ಕಾವು ಬಂದದ್ದು 1889ರ ಅಕ್ಟೋಬರಿನಲ್ಲಿ. ನ್ಯೂ ಸೌತ್ ವೇಲ್ಸಿನ ಪ್ರೀಮಿಯರ್ (ಅಂದರೆ ವಸಾಹತಿನ ಮುಖ್ಯಮಂತ್ರಿ) ಹೆನ್ರಿ ಪಾರ್ಕ್ಸ್‌ಗೆ ಆಗ 74 ವರ್ಷ. ಬ್ರಿಸ್ಬೇನಿನಿಂದ ಹಿಂತಿರುಗುವಾಗ ಟೆಂಟರ್‌ಫೀಲ್ಡ್ ಎಂಬ ಗಡಿಯೂರಿನಲ್ಲಿ ಇಳಿದು ಭಾಷಣ ಮಾಡಿದರು. ಖಂಡದ ರಕ್ಷಣೆಗೆ ಎಲ್ಲರದೂ ಸೇರಿ ಒಂದೇ ಸೇನೆ ಬೇಕೆಂದು ಬ್ರಿಟಿಷ್ ಜನರಲ್ ಒಬ್ಬರು ಆಗಷ್ಟೇ ವರದಿ ಕೊಟ್ಟಿದ್ದರು. ಪಾರ್ಕ್ಸ್ ಅದನ್ನೇ ಹಿಡಿದುಕೊಂಡರು. ಮರುವರ್ಷ ಮೆಲ್ಬರ್ನಿನಲ್ಲಿ, ನಮ್ಮೆಲ್ಲರೊಳಗೂ ಬಂಧುತ್ವದ ಕೆಂಪು ದಾರವೊಂದು ಹಾದುಹೋಗಿದೆ ಎಂದರು. ಆ ದಾರದ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

1891ರಲ್ಲಿ ಸಿಡ್ನಿಯಲ್ಲಿ ವಸಾಹತುಗಳ ಪ್ರತಿನಿಧಿಗಳ ಸಮಾವೇಶ ಕೂಡಿತು. ಈಸ್ಟರ್ ರಜೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಸ್ಯಾಮ್ಯುಯೆಲ್ ಗ್ರಿಫಿತ್ ಮತ್ತಿತರರು ಲೂಸಿಂಡಾ ಎಂಬ ಸರ್ಕಾರಿ ಹಡಗಿನಲ್ಲಿ ಹಾಕ್ಸ್‌ಬರಿ ನದಿಗೆ ಹೋಗಿ, ಹಡಗಿನಲ್ಲೇ ಕೂತು ಸಂವಿಧಾನದ ಕರಡು ತಿದ್ದಿದರು. ಕರಡು ಚೆನ್ನಾಗಿಯೇ ಇತ್ತು, ಆದರೆ ಕಪಾಟು ಸೇರಿತು. ಯಾವ ಶಾಸನಸಭೆಗೂ ಅವಸರವಿರಲಿಲ್ಲ. ಅದರ ಮೇಲೆ 1893ರಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಹಾಕಿದವು.

ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಕೊರೊವಾ. ಅದೂ ಮರ್ರೆ ದಂಡೆಯ ಊರೇ. ಬೆಳೆದದ್ದನ್ನು ಹೊಳೆ ದಾಟಿಸಿದರೆ ಸುಂಕ ಕಟ್ಟಬೇಕಾದ ಜನ. 1893ರಲ್ಲಿ ಅಲ್ಲಿ ಸೇರಿದ ಸಭೆಯಲ್ಲಿ ಬೆಂಡಿಗೊದ ವಕೀಲ ಜಾನ್ ಕ್ವಿಕ್ ಒಂದು ಠರಾವು ತಂದರು: ಜನರೇ ಪ್ರತಿನಿಧಿಗಳನ್ನು ಆರಿಸಲಿ, ಅವರು ಸಂವಿಧಾನ ಬರೆಯಲಿ, ಆಮೇಲೆ ಜನರೇ ಓಟು ಹಾಕಿ ಒಪ್ಪಲಿ. ಗಾಡಿ ಹೂತದ್ದು ಶಾಸನಸಭೆಗಳ ಕೆಸರಿನಲ್ಲಿ. ಅದನ್ನು ಅಲ್ಲಿಂದ ಎತ್ತಿದ್ದು ಈ ಠರಾವು. (ಸಭೆಗೆ ಬಂದಿದ್ದ ಸಂಘಗಳಲ್ಲಿ ಒಂದರ ಹೆಸರು ಆಸ್ಟ್ರೇಲಿಯನ್ ನೇಟಿವ್ಸ್ ಅಸೋಸಿಯೇಷನ್. ನೇಟಿವ್ಸ್ ಅಂದರೆ ಮೂಲನಿವಾಸಿಗಳಲ್ಲ ಮತ್ತೆ, ಅಲ್ಲಿ ಹುಟ್ಟಿದ ಬಿಳಿಯರು!)

1897-98ರಲ್ಲಿ ಅಡಿಲೇಡ್, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಸಮಾವೇಶ ಮತ್ತೆ ನಡೆಯಿತು. ಕ್ವೀನ್ಸ್‌ಲ್ಯಾಂಡ್ ಬರಲೇ ಇಲ್ಲ. ಜಗಳ ಆದದ್ದು ಧ್ವಜ, ಗೀತೆಗಳ ಬಗ್ಗೆ ಅಲ್ಲ. ಸುಂಕದ ದುಡ್ಡು ಯಾರಿಗೆ, ಪುಟ್ಟ ಟಾಸ್ಮೇನಿಯಾಕ್ಕೂ ದೊಡ್ಡ ನ್ಯೂ ಸೌತ್ ವೇಲ್ಸಿಗೂ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಸಮಾನ ಸ್ಥಾನ ಯಾಕೆ, ಇವು ಪ್ರಶ್ನೆಗಳು. ಜತೆಗೆ, ಕಾವೇರಿ ಕಂಡ ನಮಗೆ ಚೆನ್ನಾಗಿ ಅರ್ಥವಾಗುವ ಇನ್ನೊಂದು: ನದಿ ನೀರು. ದಕ್ಷಿಣ ಆಸ್ಟ್ರೇಲಿಯಾ ಮರ್ರೆಯ ಕೊನೆಯಲ್ಲಿದೆ, ಅದಕ್ಕೆ ದೋಣಿ ಓಡಲು ನೀರು ಬೇಕು. ಮೇಲಿನವರಿಗೆ ಹೊಲಕ್ಕೆ ಬೇಕು. ವಿಕ್ಟೋರಿಯಾದ ಆಲ್ಫ್ರೆಡ್ ಡೀಕಿನ್ ನೀರಾವರಿ ನೋಡಲೆಂದೇ ಭಾರತಕ್ಕೆ ಬಂದು ಹೋಗಿದ್ದವರು. ದಿನಗಟ್ಟಲೆ ವಾದ ನಡೆದು 100ನೇ ವಿಧಿಯಲ್ಲಿ ನೀರಿನ "ಯುಕ್ತ" ಬಳಕೆ ಎಂಬ ಮಾತು ಉಳಿಯಿತು. ಎಷ್ಟು ನೀರು ಯುಕ್ತ ಅಂತ ಮಾತ್ರ ಯಾರೂ ಬರೆಯಲಿಲ್ಲ.

1898ರ ಜನಮತದಲ್ಲಿ ನ್ಯೂ ಸೌತ್ ವೇಲ್ಸ್ ಎಡವಿತು. ಒಪ್ಪಿದವರು 71,595, ಒಪ್ಪದವರು 66,228. ಬಹುಮತವೇನೋ ಬಂತು, ಆದರೆ ಒಪ್ಪಿಗೆಗೆ ಕನಿಷ್ಠ 80,000 ಓಟು ಬೇಕೆಂದು ಅಲ್ಲಿನ ಶಾಸನಸಭೆ ಮೊದಲೇ ಕಟ್ಟಳೆ ಮಾಡಿತ್ತು. ಅಲ್ಲಿನ ಪ್ರೀಮಿಯರ್ ಜಾರ್ಜ್ ರೀಡ್ ಹೌದು ಎಂದರೋ ಇಲ್ಲ ಎಂದರೋ ತಿಳಿಯದೆ ಜನ ಅವರಿಗೆ "ಯೆಸ್-ನೋ ರೀಡ್" ಎಂದೇ ಹೆಸರಿಟ್ಟರು. ನಾನು ಅವರನ್ನು ಅಷ್ಟು ಸಲೀಸಾಗಿ ಗೇಲಿ ಮಾಡಲಾರೆ. ಮರುವರ್ಷ ಪ್ರೀಮಿಯರುಗಳ ನಡುವೆ ಮಾತಾಡಿ ರಾಜಧಾನಿಯನ್ನು ತನ್ನ ನೆಲಕ್ಕೆ ತಂದುಕೊಂಡವರು ಅವರೇ. ಅದಕ್ಕೂ ಷರತ್ತು ಬಿತ್ತು: ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರವಿರಬೇಕು, ಊರು ಕಟ್ಟುವವರೆಗೆ ಪಾರ್ಲಿಮೆಂಟು ಮೆಲ್ಬರ್ನಿನಲ್ಲಿ ಕೂರಬೇಕು. ಕೂತದ್ದು 1927ರವರೆಗೆ! ಕ್ಯಾನ್‌ಬೆರಾ ಹುಟ್ಟಿದ್ದು ಈ ಚೌಕಾಸಿಯಿಂದ.

1899ರಲ್ಲಿ ನ್ಯೂ ಸೌತ್ ವೇಲ್ಸ್ ಒಪ್ಪಿತು, ಹೊರಗಿದ್ದ ಕ್ವೀನ್ಸ್‌ಲ್ಯಾಂಡೂ ಬಂತು. ಪಶ್ಚಿಮ ಆಸ್ಟ್ರೇಲಿಯಾ ಮಾತ್ರ ಮದುವೆಗೆ ಒಲ್ಲೆನೆನ್ನುವ ವರನ ಹಾಗೆ ಕೂತಿತ್ತು. ಅಲ್ಲಿನ ಚಿನ್ನದ ಗಣಿಯವರು, ಹೆಚ್ಚಿನವರು ಪೂರ್ವದಿಂದಲೇ ಬಂದವರು, ನೀವು ಸೇರದಿದ್ದರೆ ನಾವೇ ಬೇರೆ ವಸಾಹತಾಗುತ್ತೇವೆಂದು ರಾಣಿಗೆ ಅರ್ಜಿ ಹಾಕಿದರು. ಕೊನೆಗೆ 1900ರ ಜುಲೈ 31ರಂದು ಪಶ್ಚಿಮ ಆಸ್ಟ್ರೇಲಿಯಾದವರೂ ಓಟು ಹಾಕಿ ಒಪ್ಪಿದರು. ಅಷ್ಟರಲ್ಲಿ ಲಂಡನ್ನಿನಲ್ಲಿ ಸಂವಿಧಾನದ ಕಾಯ್ದೆಗೆ ಅಂಕಿತ ಬಿದ್ದು ಮೂರು ವಾರವಾಗಿತ್ತು. ಹಾಗಾಗಿ ಅದರ ಪೀಠಿಕೆಯಲ್ಲಿ ಐದೇ ವಸಾಹತುಗಳ ಜನರ ಹೆಸರಿದೆ. ಸೇರಿದ ಪಶ್ಚಿಮ ಆಸ್ಟ್ರೇಲಿಯಾ ಆ ಸಾಲಿನಲ್ಲಿಲ್ಲ. ಸೇರದೇ ಉಳಿದ ನ್ಯೂಜಿಲೆಂಡಿನ ಹೆಸರು, ಬಂದರೂ ಬಂದಾರು ಎಂದು ಬರೆದದ್ದು, ಅದೇ ಕಾಯ್ದೆಯಲ್ಲಿ ಇಂದಿಗೂ ಇದೆ.

1901ರ ಜನವರಿ 1ರಂದು ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಸಮಾರಂಭ. ಎಡ್ಮಂಡ್ ಬಾರ್ಟನ್ ಮೊದಲ ಪ್ರಧಾನಿ. ಪಾರ್ಕ್ಸ್ ನೋಡಲು ಇರಲಿಲ್ಲ, 1896ರಲ್ಲೇ ತೀರಿಕೊಂಡಿದ್ದರು.

ಈಗ ಆ ಕೆಂಪು ದಾರದ ಮಾತು. ಅದು ಯಾರನ್ನು ಕಟ್ಟಿತು? ಹೊಸ ಪಾರ್ಲಿಮೆಂಟು ಅದೇ ವರ್ಷ ವಲಸೆ ತಡೆಯುವ ಕಾಯ್ದೆ ತಂದಿತು. ಬಂದರಿನ ಅಧಿಕಾರಿ ಯೂರೋಪಿನ ಯಾವುದಾದರೂ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಹೇಳುತ್ತಾನೆ, ತಪ್ಪಿದರೆ ವಾಪಸ್ಸು. ಯಾವ ಭಾಷೆ ಅನ್ನುವುದು ಅವನ ಮರ್ಜಿ. ಇಂಗ್ಲಿಷ್ ಬಲ್ಲ ಭಾರತೀಯನಿಗೆ ಬೇಕಾದರೆ ಬೇರೆ ಭಾಷೆ ತೆಗೆಯಬಹುದು. ಭಾರತೀಯರೂ ಅದೇ ಚಕ್ರವರ್ತಿಯ ಪ್ರಜೆಗಳಲ್ಲವೇ ಎಂಬ ಮಾತು ನಡೆಯಲಿಲ್ಲ. ಇನ್ನು ಮೂಲನಿವಾಸಿಗಳು. ಜನರನ್ನು ಲೆಕ್ಕ ಹಾಕುವಾಗ ಅವರನ್ನು ಎಣಿಸಬಾರದೆಂದು ಸಂವಿಧಾನದ 127ನೇ ವಿಧಿಯೇ ಹೇಳಿತ್ತು. ಅದನ್ನು ಕಿತ್ತುಹಾಕಿದ್ದು 1967ರ ಜನಮತ. ಆ ಸಲ ಶೇಕಡಾ 90ಕ್ಕೂ ಹೆಚ್ಚು ಜನ ಹೌದು ಎಂದರು.

ಇತ್ತ ಪಶ್ಚಿಮ ಆಸ್ಟ್ರೇಲಿಯಾಕ್ಕೆ 1917ರಲ್ಲಿ ಮರುಭೂಮಿ ದಾಟಿ ರೈಲು ಬಂದಿತ್ತು. ಆದರೂ 1933ರಲ್ಲಿ ಅಲ್ಲಿನ ಮೂರರಲ್ಲಿ ಎರಡು ಪಾಲು ಮತದಾರರು ಬೇರೆಯಾಗೋಣ ಎಂದೇ ಓಟು ಹಾಕಿದರು. ಲಂಡನ್ ಕೇಳಲಿಲ್ಲ.

ಆಲ್ಬರಿಯಲ್ಲಿ ಗಾಡಿ ಬದಲಿಸುವ ಕಾಟ ತಪ್ಪಿದ್ದು 1962ರಲ್ಲಿ, ಒಂದೇ ಅಗಲದ ಹಳಿ ಮೆಲ್ಬರ್ನ್ ಮುಟ್ಟಿದಾಗ. ಸಿಡ್ನಿಯಲ್ಲಿ ರಾತ್ರಿ ಗಾಡಿ ಹತ್ತಿದವರು ಈಗ ಅಲ್ಲಿ ನಿದ್ದೆಯಿಂದ ಏಳಬೇಕಿಲ್ಲ. ಪ್ಲಾಟ್‌ಫಾರ್ಮು ಮಾತ್ರ ಆಗಿನಷ್ಟೇ ಉದ್ದವಿದೆ.

ನಮಸ್ಕಾರ.